ಎಲೆ ಬಿಚ್ಚಬೇಡ

ನ್ಯೆಂಡೋ ಪೇಟೆಯಲ್ಲಿ ತಿಯೋಪಿಸ್ಟಾಳನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಅವಳ ಹೋಟೆಲಿಗೆ ಉಣ್ಣಲು ಬರುವ ಲಾರಿ ಡ್ರೈವರುಗಳಿಗೂ ಬಾಡಿಗೆ ಬೈಕಿನ ಹುಡುಗರಿಗೂ ಅವಳು ಅತ್ತೆ. ಅವಳಿಗಿಂತ ಎಷ್ಟೋ ಹಿರಿಯನಾದ ಮಾಂಸದ ಅಂಗಡಿಯ ಮುದುಕ ಕೂಡ ಅತ್ತೆ ಎಂದೇ ಕರೆಯುತ್ತಾನೆ. ಒಲೆಯ ಮುಂದೆ ಕೂತು ಅವಳು ಸುಲಿದ ಮಟೋಕೆ ಬಾಳೆಕಾಯಿಯನ್ನು ಎಲೆಯಲ್ಲಿ ಸುತ್ತಿ ಗಂಟು ಕಟ್ಟುತ್ತಿದ್ದರೆ, ಹಾದಿಯಲ್ಲಿ ಹೋಗುವ ಯಾರಾದರೊಬ್ಬ ಬೈಕು ನಿಧಾನ ಮಾಡಿ ಕೂಗುತ್ತಾನೆ.

"ಅತ್ತೆ, ಎಲೆ ಬಿಚ್ಚಲಾ?"

"ಬಿಚ್ಚಬೇಡ, ಇನ್ನೂ ಬೆಂದಿಲ್ಲ" ಎಂದು ಅವಳು ತಲೆಯೆತ್ತದೆ ಹೇಳಬೇಕು. ಹೇಳಿದರೆ ಬೆಂಚಿನ ಮೇಲಿದ್ದವರೆಲ್ಲ ನಗುತ್ತಾರೆ. ಹೇಳದಿದ್ದರೆ ಅತ್ತೆಗೆ ಇವತ್ತು ಮೈ ಸರಿಯಿಲ್ಲ ಎಂದುಕೊಳ್ಳುತ್ತಾರೆ.

ಈ ಮಾತು ಹುಟ್ಟಿದ್ದು ಹೋಟೆಲಿನಲ್ಲಲ್ಲ, ಫೋನಿನಲ್ಲಿ. ನಮ್ಮಲ್ಲಿ ಹುಡುಗಿಗೆ ಬುದ್ಧಿ ಹೇಳುವ ಹಕ್ಕು ಹೆತ್ತವಳಿಗಿಂತ ಸೋದರತ್ತೆಗೆ ಹೆಚ್ಚು. ಸೆಂಗಾ ಎನ್ನುತ್ತೇವೆ. ಗಂಡನ ಮನೆಯಲ್ಲಿ ಹೇಗೆ ಮಂಡಿಯೂರಬೇಕು, ಯಾವುದನ್ನು ಆಡಬೇಕು, ಯಾವುದನ್ನು ನುಂಗಬೇಕು ಎಂದು ಮದುವೆಗೆ ಮೊದಲು ಕೂರಿಸಿಕೊಂಡು ಹೇಳಿಕೊಡುವವಳು ಅವಳು. ಈಗ ಹುಡುಗಿಯರು ಗಂಡನ ಮನೆಗಿಂತ ಮೊದಲು ಕೊಲ್ಲಿ ದೇಶಗಳ ಮನೆಗೆಲಸಕ್ಕೆ ಹೋಗುತ್ತಾರೆ. ಹೀಗಾಗಿ ಆ ಪಾಠವೂ ಸೆಂಗಾಳ ಪಾಲಿಗೇ ಬಂತು. ತಿಯೋಪಿಸ್ಟಾ ಅಲ್ಲಿ ದುಡಿದು ಹಿಂತಿರುಗಿದವಳು. ಬಂದ ಮೇಲೆ ಅಲ್ಲಿರುವ ಹುಡುಗಿಯರಿಗಾಗಿ ವಾಟ್ಸಾಪಿನಲ್ಲಿ 'ಅತ್ತೆಯ ಅಡುಗೆಮನೆ' ಎಂಬ ಗುಂಪು ಮಾಡಿದಳು. ಮೊದಲು ಸೇರಿದವರು ನಮ್ಮ ಮಸಾಕಾ ಕಡೆಯ ನಾಲ್ಕಾರು ಜನ. ಅವರ ಗೆಳತಿಯರು, ಗೆಳತಿಯರ ಗೆಳತಿಯರು ಎಂದು ಬೆಳೆದು, ಮುಖ ನೋಡದ ಹೆಂಗಸರೆಲ್ಲ ಅವಳನ್ನು ಅತ್ತೆ ಎನ್ನತೊಡಗಿದರು.

ಗೊರೆಟ್ಟಿ ಎಂಬವಳು ಒಂದು ಸಂಜೆ ಬಚ್ಚಲಿನ ಬಾಗಿಲು ಹಾಕಿಕೊಂಡು ಅಳುತ್ತ ಮಾತು ಕಳಿಸಿದ್ದಳು. "ಅತ್ತೆ, ಬೆಳಗ್ಗೆಯಿಂದ ಒಣ ರೊಟ್ಟಿ ಬಿಟ್ರೆ ಏನಿಲ್ಲ. ಇಸ್ತ್ರಿ ಮಾಡಿ ಮಾಡಿ ಕೈ ಎತ್ತಕ್ಕಾಗ್ತಿಲ್ಲ. ಇವತ್ತು ಗೋಡೆ ಹಾರಿ ಓಡೋಗ್ತೀನಿ."

ತಿಯೋಪಿಸ್ಟಾ ಆಗ ಗಂಟು ಕಟ್ಟುತ್ತಿದ್ದಳು. ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದಳು: "ಮಗೂ, ಒಲೆ ಮೇಲಿರೋ ಗಂಟನ್ನ ಮಧ್ಯದಲ್ಲಿ ಬಿಚ್ಚಿ ನೋಡಿದ್ರೆ ಏನಾಗತ್ತೆ? ಹಬೆ ಹೋಗತ್ತೆ, ಕಾಯಿ ಕಲ್ಲಾಗತ್ತೆ. ಆಮೇಲೆ ಕಾಡಿನ ಸೌದೆಯೆಲ್ಲ ಉರಿಸಿದ್ರೂ ಅಷ್ಟೆ. ಎಲೆ ಬಿಚ್ಚಬೇಡ, ಇನ್ನೂ ಬೆಂದಿಲ್ಲ."

ಗೊರೆಟ್ಟಿ ಅಳುತ್ತಲೇ ನಕ್ಕಳು. ಅವಳು ಗೋಡೆ ಹಾರಲಿಲ್ಲ. ಒಪ್ಪಂದ ಮುಗಿಸಿ ಊರಿಗೆ ಬಂದು, ಅಮ್ಮನ ಮನೆಗೆ ತಗಡು ಹೊದಿಸಿ, ಮತ್ತೆ ಹೋದಳು. ಹಾರಿದ ಇನ್ನಿಬ್ಬರು ಏನಾದರೆಂದು ಗುಂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಆ ಮಾತು ಸುಮ್ಮನೆ ತಮಾಷೆಯದಾಗಿರಲಿಲ್ಲ. ಅದು ಒಬ್ಬಳನ್ನು ಉಳಿಸಿತ್ತು.

ಆಮೇಲೆ ಅದರ ಸುತ್ತ ಒಂದು ಭಾಷೆಯೇ ಬೆಳೆಯಿತು. ಹೊಸದಾಗಿ ಹೋದವಳು ಹಸಿಬಾಳೆ. ಕೆಲಸದ ಮನೆ ಒಲೆ, ಅಲ್ಲಿನ ಯಜಮಾನಿ ಸೌದೆ. ಅತ್ತರೆ ಹಬೆ ಬಿಟ್ಟಳು ಎನ್ನುತ್ತಿದ್ದರು. ಒಪ್ಪಂದ ಮುಗಿಸಿದವಳು ಬೆಂದವಳು, ಅವಳ ಮಾತಿಗೆ ತೂಕ ಹೆಚ್ಚು. ಯಾರಾದರೂ ಗೋಳು ಹೇಳಿಕೊಂಡರೆ ಉತ್ತರ ಬರೆಯುವ ಕಷ್ಟವೂ ಬೇಡ, ಹಸಿರು ಎಲೆಯ ಚಿತ್ರವೊಂದನ್ನು ಒತ್ತಿದರೆ ಸಾಕು. ಒಂದರ ಕೆಳಗೊಂದು ಎಲೆ ಬೀಳುತ್ತಿದ್ದವು. ಗೋಳು ಹೇಳಿದವಳೂ ಕೊನೆಗೆ ತಾನೇ ಒಂದು ಎಲೆ ಹಾಕಿ ಮುಗಿಸಬೇಕು. ಹಾಕಿದರೆ ಅವಳು ಗಟ್ಟಿಗಿತ್ತಿ.

ಇನ್ನೊಂದು ಕಟ್ಟುಪಾಡಿತ್ತು. ಗುಂಪಿನೊಳಗಿನದು ಊರಿಗೆ ಹೋಗಬಾರದು. ಯಾರ ತಾಯಿಯನ್ನೂ ತಂಗಿಯನ್ನೂ ಅಲ್ಲಿಗೆ ಸೇರಿಸುತ್ತಿರಲಿಲ್ಲ. ಇದನ್ನು ಮಾಡಿದವಳು ತಿಯೋಪಿಸ್ಟಾ. ಅವಳು ಮೊದಲ ಸಲ ಹೋದಾಗ, ಎಡಗೈಯ ಎರಡು ಬೆರಳು ಮುರಿದ ದಿನ ತಾಯಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ್ದಳು. ಬಾಗಿಲಿಗೆ ಸಿಕ್ಕಿ ಮುರಿದದ್ದಲ್ಲ ಎಂಬುದನ್ನೂ ಹೇಳಿದ್ದಳು. ತಾಯಿಗೆ ಮಾಡಲು ಏನಿತ್ತು? ಆ ಮುದುಕಿ ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಕಂಡ ಕಂಡವರ ಮುಂದೆ ಮಗಳ ಬೆರಳಿನ ಮಾತಾಡುತ್ತ ವರ್ಷ ತುಂಬುವುದರೊಳಗೆ ತೀರಿಕೊಂಡಳು. ಅಂದಿನಿಂದ ತಿಯೋಪಿಸ್ಟಾ ಕೇಳಿದವರಿಗೆಲ್ಲ ಬಾಗಿಲಿಗೆ ಸಿಕ್ಕಿತು ಎಂದೇ ಹೇಳುತ್ತ ಬಂದಿದ್ದಾಳೆ. ಆ ಬೆರಳುಗಳು ಇವತ್ತಿಗೂ ನೆಟ್ಟಗಾಗುವುದಿಲ್ಲ. ಗಂಟು ಕಟ್ಟುವಾಗ ಅವಳು ಅವನ್ನು ಮಡಚಿ ಹಿಡಿಯುವುದನ್ನು ನೋಡಿ, ಅದೇ ಸರಿಯಾದ ಕ್ರಮವೆಂದು ಕೆಲಸದ ಹೆಂಗಸರೂ ಹಾಗೇ ಮಡಚುತ್ತಾರೆ.

ಅವಳ ತಮ್ಮ ಲಾರೆನ್ಸನ ಮಗಳು ನಕ್ಕಾಜಿ. ಕೊಲ್ಲಿಗೆ ಹೊರಡುವ ಮುಂಚೆ ಮೂರು ವಾರ ಅತ್ತೆಯ ಮನೆಯಲ್ಲಿದ್ದಳು. ಇಸ್ತ್ರಿ, ಒರೆಸುವುದು, ಅರಬ್ಬಿಯ ಹತ್ತು ಮಾತು, ಕಣ್ಣು ತಗ್ಗಿಸುವುದು, ರಾತ್ರಿ ಕೋಣೆಯ ಬಾಗಿಲಿಗೆ ಕುರ್ಚಿ ಅಡ್ಡ ಇಡುವುದು, ಎಲ್ಲವನ್ನೂ ತಿಯೋಪಿಸ್ಟಾ ಹೇಳಿಕೊಟ್ಟಳು. ಹುಡುಗಿಗೆ ನಗು ಹೆಚ್ಚು. ಒಂದು ಮಧ್ಯಾಹ್ನ ಅತ್ತೆ ಸೌಟು ಹಿಡಿದು ಯಾರನ್ನೋ ಬೈಯುತ್ತಿದ್ದಾಗ ಫೋಟೋ ತೆಗೆದು, ಅದರ ಕೆಳಗೆ ಎಲೆ ಬಿಚ್ಚಬೇಡ ಎಂದು ದಪ್ಪಕ್ಷರದಲ್ಲಿ ಬರೆದು ಗುಂಪಿಗೆ ಹಾಕಿದಳು. ಒಂದೇ ವಾರದಲ್ಲಿ ಅದು ಗುಂಪು ದಾಟಿ ಪೇಟೆಯೆಲ್ಲ ಹರಡಿತು. ಪರೀಕ್ಷೆಗೆ ಹೆದರುವ ಹುಡುಗರಿಗೆ ಗೆಳೆಯರು ಅದನ್ನು ಕಳಿಸುತ್ತಿದ್ದರು. ಚರ್ಚಿನ ಪಾದ್ರಿ ತಾಳ್ಮೆಯ ಬಗ್ಗೆ ಮಾತಾಡುತ್ತ, ನಮ್ಮ ಅತ್ತೆ ಹೇಳುವ ಹಾಗೆ, ಎಂದು ಶುರುಮಾಡಿದ. ಗಂಡ ಬಿಟ್ಟು ಹೋದವಳು, ಮುರಿದ ಬೆರಳಿನವಳು ಎಂದು ಮೊದಲು ಗುರುತಿಸಿಕೊಂಡಿದ್ದ ಹೆಂಗಸಿಗೆ ಇದು ಸಣ್ಣ ಸಂತೋಷವಲ್ಲ. ಅವಳು ಕನ್ನಡಿಯ ಮುಂದೆ ಸೌಟು ಹಿಡಿದು ನಿಂತು ಒಮ್ಮೆ ಆ ಮುಖ ಮಾಡಿ ನೋಡಿಕೊಂಡಿದ್ದಳು.

ಮಗಳನ್ನು ಬೀಳ್ಕೊಡುವಾಗ ನಕ್ಕಾಜಿಯ ತಾಯಿ ಇಮ್ಮಾ ಹೆಚ್ಚು ಮಾತಾಡಲಿಲ್ಲ. "ನಿಮ್ಮ ಕೈಗೆ ಹಾಕ್ತಿದೀನಿ ಅತ್ತಿಗೆ. ಅಲ್ಲಿ ಅವಳಿಗೆ ನೀವೇ ಕಿವಿ" ಎಂದಳು.

"ಅಲ್ಲಿ ನನಗೆ ನೂರಾರು ಕಿವಿ ಇದಾವೆ ಕಣೆ" ಎಂದು ತಿಯೋಪಿಸ್ಟಾ ಫೋನು ತೋರಿಸಿದಳು.

ನಕ್ಕಾಜಿ ಹೋದ ಮೇಲೆ ಗುಂಪಿಗೆ ಕಳೆ ಬಂತು. ಸೌದೆಯ ನಡಿಗೆ, ಸೌದೆಯ ಗೊರಕೆ, ಸೌದೆ ಹಾಲಿನ ಡಬ್ಬಿಗೆ ಗೆರೆ ಎಳೆದು ಗುರುತಿಡುವುದು, ಎಲ್ಲವನ್ನೂ ಅವಳು ನಟಿಸಿ ಮಾತು ಕಳಿಸುತ್ತಿದ್ದಳು. ಬೇರೆ ಹಸಿಬಾಳೆಗಳು ಅತ್ತರೆ ಮೊದಲ ಎಲೆ ಅವಳದೇ ಬೀಳುತ್ತಿತ್ತು. "ನಮ್ಮ ಹುಡುಗಿ ಹಬೆ ಬಿಡೋಳಲ್ಲ" ಎಂದು ಬೆಂದವರು ಹೊಗಳುತ್ತಿದ್ದರು. ಊಟ ಹೇಗೆ, ನಿದ್ದೆ ಎಷ್ಟು ಎಂದು ತಿಯೋಪಿಸ್ಟಾ ಬೇರೆಯಾಗಿ ಕೇಳಬೇಕೆಂದುಕೊಂಡಿದ್ದಳು. ಇಷ್ಟು ನಗುವವಳನ್ನು ಕೇಳುವುದೇನು ಎಂದು ಬಿಟ್ಟಳು.

ಆ ಶನಿವಾರ ಚಿಕ್ಕಪ್ಪನ ಮೊಮ್ಮಗಳಿಗೆ ಗಂಡಿನ ಕಡೆಯವರ ಪರಿಚಯ ಶಾಸ್ತ್ರ. ಚಪ್ಪರದ ಕೆಳಗೆ ಎರಡೂ ಕಡೆಯವರು ಎದುರುಬದುರು ಕೂತಿದ್ದರು. ಗಂಡಿನ ಕಡೆಯ ಗಂಡಸರ ನಡುವೆ ಅಡಗಿ ಕೂತ ಮದುಮಗನನ್ನು ಹುಡುಗಿಯ ಸೆಂಗಾ ಹುಡುಕಿ ಎಬ್ಬಿಸಿ ಹೂ ಚುಚ್ಚಬೇಕು. ತಿಯೋಪಿಸ್ಟಾ ನೇರಳೆ ಬಣ್ಣದ ಗೋಮೆಸಿ ಉಟ್ಟಿದ್ದಳು, ಸೊಂಟಕ್ಕೆ ಅಗಲವಾದ ಜರಿ ಪಟ್ಟಿ, ಪಟ್ಟಿಯೊಳಗೆ ಫೋನು. ಅವಳು ಎದ್ದು ನಿಂತದ್ದೇ ಜನ ಸೀಟಿ ಹೊಡೆದರು. ಗಂಡಿನ ಕಡೆಯ ಮಾತುಗಾರ ಮೈಕು ಹಿಡಿದು ಕೇಳಿದ:

"ಅತ್ತೆಯವರೇ, ನಾವು ಬಹಳ ದೂರದಿಂದ ಹಸಿದು ಬಂದಿದೀವಿ. ಒಳಗೆ ಏನೋ ಬೇಯ್ತಿದೆ ಅಂತ ವಾಸನೆ ಬಂತು. ಎಲೆ ಬಿಚ್ಚಬಹುದಾ?"

ಇಡೀ ಚಪ್ಪರ ಕಾಯುತ್ತಿತ್ತು. ತಿಯೋಪಿಸ್ಟಾ ಸೊಂಟದ ಮೇಲೆ ಕೈಯಿಟ್ಟು, ಅವನನ್ನು ಮೇಲಿಂದ ಕೆಳಗೆ ನೋಡಿ, "ಬಾಯಿ ತೊಳ್ಕೊಂಡು ಬಂದಿದೀಯೇನೋ ಮೊದಲು? ಬಿಚ್ಚಬೇಡ, ಇನ್ನೂ ಬೆಂದಿಲ್ಲ" ಎಂದಳು. ನಗೆಯ ಹೊಡೆತಕ್ಕೆ ಡೋಲಿನವನು ಬಡಿತ ತಪ್ಪಿದ. ಹೆಂಗಸರು ಕೂಗಿ ಕುಣಿದರು.

ಅದೇ ಹೊತ್ತಿಗೆ ಪಟ್ಟಿಯೊಳಗೆ ಫೋನು ನಡುಗಿತು. ಡೋಲು ಮತ್ತೆ ಹಿಡಿತಕ್ಕೆ ಬರುವ ತನಕ ಸಮಯವಿತ್ತು. ತೆಗೆದು ನೋಡಿದಳು. ನಕ್ಕಾಜಿ ಗುಂಪಿನಲ್ಲಿ ಬರೆದಿದ್ದಳು.

"ಅತ್ತೆ, ನಿನ್ನೆಯಿಂದ ಹೊಟ್ಟೆ ಬಲಗಡೆ ನೋವು. ನೆಟ್ಟಗೆ ನಿಲ್ಲಕ್ಕಾಗ್ತಿಲ್ಲ. ವಾಂತಿ, ಚಳಿ. ಮೇಡಂ ನಾಟಕ ಅಂತಾಳೆ. ಯಾರಾದ್ರೂ ನನ್ನ ಕಳಿಸಿದ ಆಫೀಸಿಗೆ ಫೋನ್ ಮಾಡ್ತೀರಾ?"

ಕೆಳಗೆ ಆಗಲೇ ಎಲೆ ಬಿದ್ದಿದ್ದವು. ಒಬ್ಬಳು "ಸೌದೆ ಮನೆ ಚಿಕನ್ ಕದ್ದು ತಿಂದ್ಯಾ?" ಎಂದು ಕೇಳಿದ್ದಳು. ಇನ್ನೊಬ್ಬಳು "ಹಸಿಬಾಳೆಗೆ ಹೊಟ್ಟೆನೋವಾದ್ರೆ ತಿಂದವರ ಗತಿಯೇನು?" ಎಂದಿದ್ದಳು. ತಿಯೋಪಿಸ್ಟಾ ಓದಿದಳು. ಅವಳ ಕಿವಿಯಲ್ಲಿ ಚಪ್ಪರದ ನಗು ಇನ್ನೂ ತುಂಬಿಕೊಂಡಿತ್ತು. ಕಣ್ಣು ಓದಿತು, ಹೆಬ್ಬೆರಳು ಅದಕ್ಕೆ ಗೊತ್ತಿದ್ದ ಜಾಗಕ್ಕೆ ಹೋಯಿತು. ಸೌಟು ಹಿಡಿದ ತನ್ನದೇ ಮುಖವನ್ನು ಅವಳು ಒತ್ತಿದಳು.

ಸ್ವಲ್ಪ ಹೊತ್ತಿನ ಮೇಲೆ, ಮದುಮಗನಿಗೆ ಹೂ ಚುಚ್ಚಿ ಬಂದು ಕೂತು ನೋಡಿದಾಗ ನಕ್ಕಾಜಿಯ ಉತ್ತರವಿತ್ತು. ಒಂದು ಎಲೆ, ಅದರ ಮುಂದೆ "ಸರಿ ಅತ್ತೆ, ಹಬೆ ಬಿಡಲ್ಲ."

ನನ್ನ ಹುಡುಗಿ, ಎಂದುಕೊಂಡಳು ತಿಯೋಪಿಸ್ಟಾ. ಆ ಹೆಮ್ಮೆಯಲ್ಲೇ ಊಟಕ್ಕೆದ್ದಳು.

ಅದಾದ ಎರಡನೆಯ ಸೋಮವಾರ ಇಮ್ಮಾ ಹೋಟೆಲಿಗೆ ಬಂದಳು. ಮಳೆ ಬಂದು ನೆಲವೆಲ್ಲ ಕೆಸರಾಗಿತ್ತು. ಆದರೂ ಗಂಡನ ಅಕ್ಕನಿಗೆ ಕೊಡಬೇಕಾದ ಮರ್ಯಾದೆಯಂತೆ ಮಂಡಿಯೂರಿ, ತಲೆ ತಗ್ಗಿಸಿ, ಮನೆ ಮಂದಿ ದನಕರು ಎಲ್ಲರ ಕ್ಷೇಮ ಕೇಳಿದಳು. ಆಮೇಲೆ ಅಲ್ಲೇ ಕೂತು, "ಈ ಭಾನುವಾರ ನಕ್ಕಾಜಿ ಫೋನ್ ಬರಲಿಲ್ಲ ಅತ್ತಿಗೆ" ಎಂದಳು.

"ಕೆಲಸ ಇರತ್ತೆ ಕಣೆ. ಅಲ್ಲಿ ನೆಂಟರು ಬಂದ್ರೆ ಕೂರಕ್ಕೂ ಪುರುಸೊತ್ತಿರಲ್ಲ."

"ಹಿಂದಿನ ಭಾನುವಾರವೂ ಬರಲಿಲ್ಲ."

"ಫೋನ್ ಕಿತ್ಕೊಂಡಿರ್ತಾರೆ. ನನ್ನದೂ ಕಿತ್ಕೊತಿದ್ರು. ಕೊಡ್ತಾರೆ ಆಮೇಲೆ."

"ನೀವು ಒಂದ್ಸಲ ಕೇಳಿ ನೋಡ್ತೀರಾ ಅತ್ತಿಗೆ? ನನಗೆ ಎರಡು ದಿನದಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ."

"ಎಲೆ ಬಿಚ್ಚಬೇಡ ಇಮ್ಮಾ" ಎಂದಳು ತಿಯೋಪಿಸ್ಟಾ. ನೋಯಿಸಬೇಕೆಂದು ಹೇಳಿದ್ದಲ್ಲ. ಸಾರಿಗೆ ಉಪ್ಪು ಹಾಕುತ್ತಿದ್ದಳು, ಬಾಯಿ ತಾನಾಗಿ ಆಡಿತು. ಬೆಂಚಿನ ಮೇಲೆ ಉಣ್ಣುತ್ತಿದ್ದವನೊಬ್ಬ ನಕ್ಕ.

ಇಮ್ಮಾ ನಗಲಿಲ್ಲ. ಮಂಡಿಯ ಕೆಸರು ಒರೆಸಿಕೊಳ್ಳುತ್ತ ಎದ್ದಳು. "ಬೈಕಿನ ಹುಡುಗರ ಹತ್ರ ಆಡೋ ಮಾತು ನನ್ನ ಹತ್ರ ಆಡಬೇಡಿ. ನಾನು ಅವಳನ್ನ ಹೆತ್ತಿದೀನಿ."

ಅವಳು ಹೋದ ಮೇಲೆ ತಿಯೋಪಿಸ್ಟಾ ಕೈ ತೊಳೆದು ಫೋನು ತೆರೆದಳು. ಗುಂಪಿನಲ್ಲಿ ನಕ್ಕಾಜಿ ಬರೆದದ್ದನ್ನು ಹುಡುಕುತ್ತ ಮೇಲೆ ಮೇಲೆ ಹೋದಳು. ಹಾಡುಗಳು, ಹುಟ್ಟುಹಬ್ಬದ ಹಾರೈಕೆಗಳು, ಎಲೆಗಳು, ತನ್ನ ಮುಖ, ಮತ್ತೆ ತನ್ನ ಮುಖ. ಕೊನೆಗೆ ಸಿಕ್ಕಿತು. ಈಗ ಸುತ್ತ ಯಾವ ನಗುವೂ ಇರಲಿಲ್ಲ. ಬಲಗಡೆ, ವಾಂತಿ, ಚಳಿ, ಫೋನ್ ಮಾಡ್ತೀರಾ, ಎಂಬ ಒಂದೊಂದು ಮಾತನ್ನೂ ಅವಳು ಮೊದಲ ಸಲ ಓದಿದಂತೆ ಓದಿದಳು. ಆ ಒಂದು ಎಲೆಯ ನಂತರ ಹುಡುಗಿ ಏನನ್ನೂ ಬರೆದಿರಲಿಲ್ಲ. ಗುಂಪಿನಲ್ಲಿ ಅಷ್ಟು ಸದ್ದು ಮಾಡುತ್ತಿದ್ದವಳು ಸುಮ್ಮನಾದದ್ದನ್ನು ಯಾರೂ ಗಮನಿಸಿರಲಿಲ್ಲ.

ನಕ್ಕಾಜಿಯ ನಂಬರಿಗೆ ಹಚ್ಚಿದಳು. ಸ್ವಿಚ್ ಆಫ್. ಗುಂಪಿನಲ್ಲಿ ಬರೆದಳು: "ನಕ್ಕಾಜಿಯನ್ನ ಯಾರಾದ್ರೂ ನೋಡಿದ್ರಾ? ಅವಳ ಹತ್ತಿರ ಯಾರಿದೀರಿ?"

ಮೊದಲು ಬಿದ್ದದ್ದು ಎಲೆ. ಆಮೇಲೆ ಮಾತು.

"ಬೇಯ್ತಾ ಇರ್ತಾಳೆ ಅತ್ತೆ."

"ಅತ್ತೆಗೇ ತಾಳ್ಮೆ ಇಲ್ಲವಲ್ರೇ. ಅತ್ತೆ, ಮುಚ್ಚಳ ತೆಗೀಬೇಡಿ."

"ನಾನು ತಮಾಷೆ ಮಾಡ್ತಿಲ್ಲ. ಅವಳಿಗೆ ಹುಷಾರಿಲ್ಲ" ಎಂದು ಬರೆದಳು.

ಸೌಟು ಹಿಡಿದ ಅವಳ ಮುಖವೇ ಉತ್ತರವಾಗಿ ಬಂತು. ಒಂದಲ್ಲ, ಏಳೆಂಟು. ತನ್ನನ್ನು ಬೈಯುತ್ತಿರುವ ತನ್ನ ಮುಖವನ್ನು ಅವಳು ನೋಡುತ್ತ ಕೂತಳು. ಒಲೆಯ ಮೇಲೆ ಸಾರು ಉಕ್ಕಿ ಹೊರಗೆ ಹರಿಯಿತು. ಬರೆದರೆ ನಂಬುವುದಿಲ್ಲ, ದನಿ ಕೇಳಿದರೆ ನಂಬಿಯಾರು ಎಂದು ಫೋನನ್ನು ಬಾಯಿಗೆ ಹಿಡಿದು ಮಾತಾಡಿದಳು. "ನಿಮ್ಮ ಕಾಲಿಗೆ ಬೀಳ್ತೀನಿ ಕಣ್ರೇ, ಯಾರಾದ್ರೂ ಹೋಗಿ ನೋಡಿ" ಎನ್ನುವಾಗ ಅಳು ಬಂದುಬಿಟ್ಟಿತು. ಹಾಗೇ ಕಳಿಸಿದಳು.

"ಅತ್ತೆ ಸಿನಿಮಾಕ್ಕೆ ಸೇರಬೇಕಿತ್ತು" ಎಂದು ಒಬ್ಬಳು ಬರೆದಳು. "ಅತ್ತೇನೇ ಹಬೆ ಬಿಟ್ಟರು, ಎಲ್ಲ ಕೇಳ್ರಪ್ಪಾ" ಎಂದು ಇನ್ನೊಬ್ಬಳು. ಅವರು ಕೆಟ್ಟವರಲ್ಲ. ಅವರಲ್ಲಿ ಅರ್ಧಕ್ಕರ್ಧ ಜನ ಅಡುಗೆಮನೆಯ ನೆಲದ ಮೇಲೆ ಮಲಗುತ್ತಿದ್ದರು, ದಿನಕ್ಕೊಮ್ಮೆ ನಗಲು ಅವರಿಗಿದ್ದ ಜಾಗ ಇದೊಂದೇ. ಅತ್ತೆ ಅಳಬಹುದು ಎಂಬುದು ಅವರ ತಲೆಗೆ ಹೋಗುವಂತಿರಲಿಲ್ಲ. ಹೋಗದಂತೆ ಮಾಡಿದವಳು ಅತ್ತೆಯೇ.

ಬೇರೆಯಾಗಿ ಫೋನು ಮಾಡಿದವಳು ಗೊರೆಟ್ಟಿ ಒಬ್ಬಳೇ.

"ಅತ್ತೆ, ನೀವು ನಿಜವಾಗ್ಲೂ ಅಳ್ತಿದೀರಾ?"

"ನಿಜವಾಗ್ಲೂ ಕಣೆ ಗೊರೆಟ್ಟಿ."

"ಅವಳ ಹೊಟ್ಟೆನೋವಿಗೆ ನಾನೂ ಎಲೆ ಹಾಕಿದ್ದೆ" ಎಂದಳು ಗೊರೆಟ್ಟಿ. "ಪೂರ್ತಿ ಓದಿರ್ಲಿಲ್ಲ. ಎಲ್ಲರೂ ಹಾಕಿದ್ರು, ನಾನೂ ಹಾಕ್ದೆ. ಅವಳಿರೋ ಊರು ಇಲ್ಲಿಂದ ಹತ್ತಿರಾನೇ. ನಮ್ಮ ಮನೆ ಡ್ರೈವರ್ ಒಳ್ಳೆಯೋನು. ನೋಡ್ತೀನಿ ಅತ್ತೆ."

ಲಾರೆನ್ಸ್ ಮಗಳನ್ನು ಕಳಿಸಿದ ಆಫೀಸನ್ನು ಹುಡುಕಿಕೊಂಡು ರಾಜಧಾನಿ ಕಂಪಾಲಾಕ್ಕೆ ಹೋದ. ಅಲ್ಲಿದ್ದವನು ಕಂಪ್ಯೂಟರು ನೋಡಿ, ಹುಡುಗಿ ಕೆಲಸದಲ್ಲಿದ್ದಾಳೆ, ದೂರೇನೂ ಬಂದಿಲ್ಲ, ದೂರಿದ್ದರೆ ಅವಳೇ ಹೇಳುತ್ತಿದ್ದಳಲ್ಲ ಎಂದ. ಲಾರೆನ್ಸ್ ಆ ಮಾತನ್ನು ನಂಬಿ ಸಂಜೆಯ ವ್ಯಾನಿನಲ್ಲಿ ಹಿಂತಿರುಗುತ್ತಿದ್ದಾಗ ತಿಯೋಪಿಸ್ಟಾಳಿಗೆ ಗೊರೆಟ್ಟಿಯ ಫೋನು ಬಂತು. ನಕ್ಕಾಜಿ ಅಡುಗೆಮನೆಯಲ್ಲಿ ಬಿದ್ದ ಮೇಲೆಯೇ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು. ಅಷ್ಟರಲ್ಲಿ ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವು ತುಂಬಿತ್ತು. ಎರಡು ಸಲ ಕೊಯ್ದರೂ ಉಳಿಯಲಿಲ್ಲ. ಶವಾಗಾರದಲ್ಲಿಟ್ಟಿದ್ದರು. ತಿಯೋಪಿಸ್ಟಾ ಗುಂಪಿನಲ್ಲಿ ಅಳುತ್ತ ಬೇಡಿಕೊಂಡಾಗಲೇ ಹುಡುಗಿ ಹೋಗಿ ದಿನಗಳಾಗಿದ್ದವು.

"ನರ್ಸ್ ಒಬ್ಬಳು ನಮ್ಮ ಕಡೆಯೋಳೇ ಸಿಕ್ಕಿದ್ಲು" ಎಂದಳು ಗೊರೆಟ್ಟಿ. "ಮೊದಲನೇ ದಿನ ಪ್ರಜ್ಞೆ ಇತ್ತಂತೆ. ನೋವು ಹೇಗಿದೆ ಅಂತ ಕೇಳಿದ್ರೆ ಪರವಾಗಿಲ್ಲ, ಪರವಾಗಿಲ್ಲ ಅಂತಿದ್ಲಂತೆ. ಅದಕ್ಕೇ ಡಾಕ್ಟ್ರು ಬೇರೆಯವರನ್ನ ಮೊದಲು ನೋಡಿದ್ರಂತೆ."

ತಿಯೋಪಿಸ್ಟಾ ಅದನ್ನು ಲಾರೆನ್ಸನಿಗೂ ಇಮ್ಮಾಗೂ ಹೇಳಲಿಲ್ಲ. ಆದರೆ ಗುಂಪಿನಲ್ಲಿ ಬಂದದ್ದನ್ನು ಇಮ್ಮಾಗೆ ತೋರಿಸಿದಳು. ಯಾರೂ ಕೇಳಿರಲಿಲ್ಲ. ತಾನೇ ಹೋಗಿ, ಫೋನನ್ನು ಇಮ್ಮಾಳ ಕೈಗೆ ಕೊಟ್ಟು, ಎದುರಿಗೆ ನಿಂತಳು. ಇಮ್ಮಾಗೆ ಓದುವುದು ನಿಧಾನ. ಮಗಳ ಮಾತನ್ನು ಬೆರಳಿಟ್ಟು ಓದಿದಳು, ಆಮೇಲೆ ಅದರ ಕೆಳಗಿನ ಎಲೆಗಳನ್ನೂ ಮಾತುಗಳೇ ಎಂಬಂತೆ ಒಂದೊಂದಾಗಿ ಬೆರಳಿಟ್ಟು ನೋಡಿದಳು. ಸೌಟಿನ ಚಿತ್ರದ ಹತ್ತಿರ ಬೆರಳು ನಿಂತಿತು. ಫೋನನ್ನು ಹಿಂದಕ್ಕೆ ಕೊಟ್ಟು ಒಳಗೆ ಹೋದಳು.

ದೇಹ ಬರಲು ಬಹಳ ದಿನ ಹಿಡಿಯಿತು. ಬಂದ ದಿನ ಲಾರೆನ್ಸನ ಬಾಳೆತೋಟದ ಅಂಚಿನಲ್ಲಿ, ಅಜ್ಜ ಅಜ್ಜಿಯರ ಗೋರಿಗಳ ಪಕ್ಕ ಗುಂಡಿ ತೋಡಿದ್ದರು. ಮನೆಯೊಳಗೆ ಹೆಂಗಸರು ನೀರು ಕಾಯಿಸಿ, ತೊಗಟೆ ಬಡಿದು ಮಾಡಿದ ಕಂದು ಬಟ್ಟೆಯನ್ನು ಹಾಸಿ ಕಾಯುತ್ತಿದ್ದರು. ಮೈ ತೊಳೆದು ಆ ಬಟ್ಟೆಯಲ್ಲಿ ಸುತ್ತುವಾಗ ಮೊದಲ ಕೈ ಸೆಂಗಾಳದು. ಮದುವೆಯಾಗದ ಹುಡುಗಿಗಾದರೆ ಅದು ಅವಳ ಹಕ್ಕಷ್ಟೇ ಅಲ್ಲ, ಸಾಲದ ಹಾಗೆ ಹೆಗಲೇರುವ ಕೆಲಸ. ತಿಯೋಪಿಸ್ಟಾ ಉಡುಪಿನ ತೋಳು ಮೇಲಕ್ಕೆ ಮಡಚಿಕೊಂಡು ಬಾಗಿಲಿಗೆ ಬಂದಳು.

ಬಾಗಿಲಲ್ಲಿ ಇಮ್ಮಾ ನಿಂತಿದ್ದಳು. ಈ ಸಲ ಮಂಡಿಯೂರಲಿಲ್ಲ.

"ನೀವು ಬೇಡ" ಎಂದಳು.

ಲಾರೆನ್ಸ್ ಹಿಂದಿನಿಂದ, "ಇಮ್ಮಾ, ಅಕ್ಕ ಸೆಂಗಾ ಅಲ್ವಾ" ಎಂದ.

"ಹೌದು. ಅದಕ್ಕೇ ಬೇಡ." ಇಮ್ಮಾ ಗಂಡನ ಕಡೆ ತಿರುಗಲೂ ಇಲ್ಲ. ದನಿ ಏರಿಸಲಿಲ್ಲ. "ಯಾರಾದ್ರೂ ಫೋನ್ ಮಾಡ್ತೀರಾ ಅಂತ ಕೇಳಿದ್ಲು ನನ್ನ ಮಗಳು. ಅಷ್ಟೇ ಕೇಳಿದ್ದು. ನನ್ನ ಕೇಳಿದ್ದಿದ್ರೆ ನಾನು ಮಾಡ್ತಿದ್ದೆ ಅತ್ತಿಗೆ. ನನಗೆ ಇಂಗ್ಲಿಷ್ ಬರಲ್ಲ, ಅರಬ್ಬಿ ಬರಲ್ಲ. ಆದ್ರೂ ಮಾಡ್ತಿದ್ದೆ. ಅವರಿಗೆ ಅರ್ಥ ಆಗೋತನಕ ಕೂಗ್ತಿದ್ದೆ."

ಕೊನೆಗೆ ಲಾರೆನ್ಸನ ದೊಡ್ಡಪ್ಪನ ಮಗಳೊಬ್ಬಳು ಒಳಗೆ ಹೋದಳು. ಬಾಗಿಲು ಮುಚ್ಚಿತು.

ತಿಯೋಪಿಸ್ಟಾ ಅಂಗಳ ದಾಟಿ ಹಲಸಿನ ಮರದ ಕೆಳಗೆ ಬಂದು ನಿಂತಳು. ಒಪ್ಪಂದ ಮುಗಿಸಿ ಊರಿಗೆ ಬಂದಿದ್ದ ಗುಂಪಿನ ಕೆಲವು ಹೆಂಗಸರು ಮಣ್ಣಿಗೆ ಬಂದಿದ್ದರು. ಕೆಲವರ ಮುಖವನ್ನು ಅವಳು ನೋಡುತ್ತಿದ್ದುದು ಇದೇ ಮೊದಲು. ಅವರು ಅವಳ ಸುತ್ತ ನಿಂತರು. ಒಬ್ಬಳು ಅತ್ತೆ ಎಂದು ಕೈ ಹಿಡಿದಳು. ಎಷ್ಟೋ ವರ್ಷ ದಿನವೂ ಮಾತಾಡಿಕೊಂಡಿದ್ದ ಹೆಂಗಸರು ಅವರು. ಆಡುತ್ತಿದ್ದ ಆ ಮಾತುಗಳನ್ನು ಬಿಟ್ಟರೆ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಬೇರೆ ಮಾತು ಇರಲಿಲ್ಲ. ಗಂಡಸರು ಗುಂಡಿಯ ಮಣ್ಣು ಸರಿಮಾಡುವ ಗುದ್ದಲಿಯ ಸದ್ದು ಕೇಳಿಸುತ್ತಿತ್ತು.

"ಗುಂಪಿಗೆ ನೀವೇ ಹೇಳಬೇಕು ಅತ್ತೆ" ಎಂದಳು ಅವರಲ್ಲೊಬ್ಬಳು. "ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿನ್ನೆ ಕೂಡ ಯಾರೋ ನಕ್ಕಾಜಿ ಎಲ್ಲಿ, ನಗಿಸೋರಿಲ್ಲ ಅಂತ ಬರೆದಿದ್ರು."

ತಿಯೋಪಿಸ್ಟಾ ಫೋನು ತೆಗೆದಳು. ಬರೆದು ಅಳಿಸಿದಳು. ದೇವರ ಇಚ್ಛೆ ಎಂದು ಬರೆದು ಅದನ್ನೂ ಅಳಿಸಿದಳು. ಆಮೇಲೆ ಹೀಗೆ ಬರೆದಳು: "ನಕ್ಕಾಜಿ ಸತ್ತಳು. ಹೊಟ್ಟೆನೋವು ಅಂತ ಇಲ್ಲೇ ಹೇಳಿದ್ದಳು. ನಾವು ಯಾರೂ ಫೋನ್ ಮಾಡಲಿಲ್ಲ. ಇವತ್ತು ಮಣ್ಣು ಮಾಡ್ತಿದೀವಿ."

ಓದಿದವರ ಗುರುತು ಒಂದೊಂದಾಗಿ ಬೀಳುತ್ತಿತ್ತು, ಮಾತಿರಲಿಲ್ಲ. ಆಗ ಒಂದು ಎಲೆ ಬಿತ್ತು.

ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು ಉಸಿರು ಎಳೆದುಕೊಂಡಳು. "ಯಾರಿದು ಅಯೋಗ್ಯೆ? ತೆಗೆದು ಹಾಕಿ ಅತ್ತೆ ಅವಳನ್ನ."

ಜೊವಿಯಾ ಎಂದಿತ್ತು ಹೆಸರು. ಕಳೆದ ವಾರವಷ್ಟೇ ಸೇರಿದವಳು. ತಿಯೋಪಿಸ್ಟಾ ಅವಳನ್ನು ತೆಗೆಯಲಿಲ್ಲ. ಹೆಂಗಸರಿಂದ ನಾಲ್ಕು ಹೆಜ್ಜೆ ದೂರ ಹೋಗಿ, ಬಾಳೆಗಿಡಗಳ ನಡುವೆ ನಿಂತು ಆ ನಂಬರಿಗೆ ಫೋನು ಹಚ್ಚಿದಳು. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಪಿಸುದನಿ ಕೇಳಿಸಿತು.

"ಹಲೋ, ಅತ್ತೆ?"

"ಜೊವಿಯಾ, ನಾನು ಬರೆದದ್ದು ಓದಿದೆಯಾ ಮಗೂ?"

"ಓದ್ಲಿಲ್ಲ ಅತ್ತೆ. ಸ್ಕ್ರೀನ್ ಒಡೆದಿದೆ, ಅಕ್ಷರ ಸರಿ ಕಾಣಲ್ಲ. ನೀವು ಬರೆದ್ರೆ ಎಲೆ ಹಾಕಬೇಕು ಅಂದ್ರು, ಹಾಕ್ದೆ. ತಪ್ಪಾಯ್ತಾ?"

ಹುಡುಗಿಯ ದನಿಯಲ್ಲಿ ಹೆದರಿಕೆಯಿತ್ತು. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ತಿಯೋಪಿಸ್ಟಾ ತಪ್ಪಿಲ್ಲ ಎಂದಳು. ಮುಂದೆ ಏನು ಕೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ.

"ಸ್ಕ್ರೀನ್ ಹೇಗೆ ಒಡೀತು?"

"ಕೈ ಜಾರಿ ಬಿತ್ತು ಅತ್ತೆ."

"ಇವತ್ತು ಊಟ ಮಾಡಿದ್ಯಾ?"

"ಮಾಡ್ದೆ."

"ಏನು ಉಂಡೆ?"

ಹುಡುಗಿ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು.

"ಜೊವಿಯಾ, ನನ್ನ ಹತ್ರ ಹೇಳು. ನಾನು ನಗಲ್ಲ. ಯಾರಿಗೂ ನಗಕ್ಕೆ ಬಿಡಲ್ಲ."

"ಎಲ್ಲ ಚೆನ್ನಾಗಿದೆ ಅತ್ತೆ" ಎಂದಳು ಹುಡುಗಿ, ಪಾಠ ಒಪ್ಪಿಸುವವಳ ಹಾಗೆ ಬೇಗಬೇಗ. "ನನಗೇನೂ ತೊಂದರೆ ಇಲ್ಲ. ನಾನು ಗಟ್ಟಿಗಿತ್ತಿ."

ಅವಳ ಹಿಂದೆ ಎಲ್ಲೋ ಬಾಗಿಲು ತೆರೆದ ಸದ್ದಾಯಿತು, ಒಂದು ಹೆಣ್ಣುದನಿ ಏರಿದ ಸ್ವರದಲ್ಲಿ ಏನೋ ಕೇಳಿತು, ಲೈನು ಕಡಿಯಿತು. ತಿಯೋಪಿಸ್ಟಾ ಮತ್ತೆ ಹಚ್ಚಿದಳು. ಹೊಡೆದುಕೊಂಡು ನಿಂತಿತು. ಮನೆಯ ಬಾಗಿಲು ತೆರೆದು, ಸುತ್ತಿದ ದೇಹವನ್ನು ಹೊತ್ತು ಜನ ಅಂಗಳಕ್ಕೆ ಬರುತ್ತಿದ್ದರು. ಮುಂದೆ ಇಮ್ಮಾ ಇದ್ದಳು. ಹೆಂಗಸರೆಲ್ಲ ಒಟ್ಟಿಗೆ ಅಳುವುದು ಶುರುವಾಯಿತು. ಬಾಳೆಗಿಡಗಳ ನಡುವೆ ನಿಂತ ತಿಯೋಪಿಸ್ಟಾ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದಕ್ಕೆ ಫೋನು ಒತ್ತಿ ಹಿಡಿದು, ಮತ್ತೊಮ್ಮೆ ಹಚ್ಚಿದಳು.